ಹಿಮದಲ್ಲಿ ಹುಣಸೆಮರ

ನನ್ನ ನೆನಪಿನ ಶಕ್ತಿಯ ಮೇಲೆ ಊರಿನವರಿಗಿರುವ ನಂಬಿಕೆ ನನಗಿಲ್ಲ. ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪಬಾರದೆಂದು ಎಂ.ಎ. ಓದುವಾಗ ಕಲಿತೆ, ಈಗ ಕನ್ನಡಕ ಎಲ್ಲಿಟ್ಟಿದ್ದೇನೆಂಬ ನನ್ನ ಹೇಳಿಕೆಯನ್ನು ನಾನೇ ಒಪ್ಪುವುದಿಲ್ಲ. ಹಳೆಯ ಸಿನಿಮಾ ಹಾಡಿನ ಮಾತು ಬಂದರೆ ಮಾತ್ರ ಈ ವಿವೇಕ ಎಲ್ಲಿಗೆ ಹೋಗುತ್ತದೋ. ಯಳಂದೂರಿನ ಒಂದು ಮದುವೆಯಲ್ಲಿ, "ರೇಡಿಯೊದಲ್ಲಿ ಬಂದದ್ದೆಲ್ಲ ನನಗೆ ಬಾಯಿಪಾಠ" ಎಂದುಬಿಟ್ಟೆ. ಅದನ್ನು ಕೇಳಿಸಿಕೊಂಡ ಗಾಯಕಿ ಸಿದ್ದಮ್ಮ ಮರುವಾರವೇ ಕೊಳ್ಳೇಗಾಲದ ನಮ್ಮ ಮನೆಗೆ ಬಂದರು.

ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಹಾಡಿದರೂ ಸಿದ್ದಮ್ಮನ ಹೆಸರು ಒಂದು ಪೋಸ್ಟರಿನಲ್ಲೂ ಬಂದಿರಲಿಲ್ಲ. ಈಗ ಮೊದಲ ಸಲ ಅವರದೇ ಹೆಸರಿನ ಕಾರ್ಯಕ್ರಮ. ಚರ್ಚಿನಲ್ಲಿ ನುಡಿಸುವ ನಾಲ್ವರು ಪಿಟೀಲಿನವರನ್ನು ಕೂರಿಸಿಕೊಂಡು, ಜನರನ್ನು ಕುಣಿಸುತ್ತಿದ್ದ ಹಳೆಯ ಹಾಡುಗಳನ್ನು ತೀರಾ ನಿಧಾನವಾಗಿ, ಎದೆಯಾಳದಿಂದ ಹಾಡುವುದು. "ಡ್ರಮ್ ಇದ್ರೆ ಮರ್ತ ಸಾಲ್ನ ಅದ್ರ ಸದ್ದಲ್ಲಿ ಮುಚ್ಬುಡ್ಬೋದು ಸಾ. ಪಿಟೀಲು ಏನ್ನೂ ಮುಚ್ಚಾಕಿಲ್ಲ" ಎಂದರು. ಅವರ ಹಾಡಿನ ಪುಸ್ತಕದಲ್ಲಿ ಒಂದು ಹಾಡಿನ ಎರಡನೇ ಚರಣವನ್ನು ಇಲಿ ತಿಂದಿತ್ತು. ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದಳು ನನ್ನ ಹೆಂಡತಿ ನಾಗರತ್ನ. "ಮೇಷ್ಟ್ರು ಇರೋವಾಗ ಮೊಬೈಲ್ ಯಾಕವ್ವ?" ಎಂದರು ಸಿದ್ದಮ್ಮ. ಇಷ್ಟಾದ ಮೇಲೆ ಯಾವ ಮೇಷ್ಟ್ರು ತಾನೇ ಮೊಬೈಲ್ ತೆಗೆಯುತ್ತಾನೆ? ಐದೇ ನಿಮಿಷದಲ್ಲಿ, ಒಂದಕ್ಷರ ಹೊಡೆದುಹಾಕದೆ ಬರೆದುಕೊಟ್ಟೆ. ಅನುಮಾನ ಬರಬೇಕಾಗಿದ್ದದ್ದು ಆಗಲೇ.

ಕಾರ್ಯಕ್ರಮದ ಸಂಜೆ ಮುಂದಿನ ಸಾಲಿನಲ್ಲೇ ಕೂತಿದ್ದೆ. ಎರಡನೇ ಚರಣ ಬಂತು. ಹುಣಸೆಮರದ ನೆರಳಲ್ಲಿ ಕಾದು ಕೂತವಳ ಮಾತನ್ನು ಸಿದ್ದಮ್ಮ ಒಂದೊಂದೇ ಪದವಾಗಿ, ಇಳಿಸಲು ಮನಸ್ಸಿಲ್ಲದ ಹೊರೆಯನ್ನು ಇಳಿಸುವಂತೆ ಹಾಡಿದರು. ಪಕ್ಕದಲ್ಲಿದ್ದ ನಿವೃತ್ತ ಬಸ್ ಕಂಡಕ್ಟರೊಬ್ಬರು ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಈ ಚರಣ ಕೇಳಿ ಎಷ್ಟ್ ವರ್ಸ ಆಗಿತ್ತು ಸಾ. ರೇಡಿಯೋದೋರು ಇದ್ನೇ ಕಟ್ ಮಾಡ್ಬುಡೋರು" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಮನೆಗೆ ಬರುವಾಗ ನಾಗರತ್ನ ಕೇಳಿದಳು: "ಅಲ್ಲಾ ರೀ, ಆ ಹಾಡಲ್ಲಿ ಹೀರೋ ಹೀರೋಯಿನ್ ಇಬ್ರೂ ಹಿಮದಲ್ಲಿ ಜಾರ್ತಾ ಇರ್ತಾರಲ್ವಾ? ಅಲ್ಲಿ ಹುಣಸೆಮರ ಎಲ್ಲಿಂದ ಬಂತು?"

ಹುಣಸೆಮರ ಇದ್ದದ್ದು ಅಗರದಲ್ಲಿ, ನಮ್ಮಜ್ಜಿಯ ಮನೆಯ ಹಿತ್ತಲಿನಲ್ಲಿ.

ಎರಡು ದಿನ ಒದ್ದಾಡಿ ಕೊನೆಗೆ ಸಿದ್ದಮ್ಮನಿಗೆ ಫೋನ್ ಮಾಡಿ, ಆ ಚರಣ ಹಾಡಿನದಲ್ಲ, ನನ್ನದೇ ಎಂದು ಒಪ್ಪಿಕೊಂಡೆ. "ಇನ್ಯಾರ್‌ಗಾರ ಏಳಿದ್ದೀರಾ ಸಾ?" ಎಂದರು. ಹೆಂಡತಿಗೆ ಗೊತ್ತು ಎಂದೆ. "ಅವ್ವಾರ್ಗೂ ಏಳ್ಬುಡಿ, ಬಾಯ್ ಬುಡ್ಬಾರ್ದು. ಅನೂರೋರು ಪ್ರೋಗ್ರಾಮ್‌ಗೆ ಕರ್ದವ್ರೆ. ಪೋಸ್ಟರಲ್ಲಿ ನನ್ನೆಸ್ರು ಎಷ್ಟ್ ದಪ್ಪಕ್ಕೆ ಆಕವ್ರೆ ಗೊತ್ತಾ? ಉಣ್ಸೆಮರದ ಆಡು ಇರ್ಲೇಬೇಕಂತೆ." ಸತ್ಯಕ್ಕಾಗಿ ವಾದಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಇವತ್ತು ಬೆಳಿಗ್ಗೆ, ಕೊನೆಗೂ, ಮೂಲ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಕೇಳಿದೆ. ಎರಡನೇ ಚರಣ ಬೇರೆಯದೇ ಇತ್ತು. ಮತ್ತೊಮ್ಮೆ ಕೇಳಿದೆ. ಪಾಪ, ಸಿನಿಮಾಕ್ಕೆ ಹಾಡಿದ ಆ ಗಾಯಕಿ ಎಲ್ಲೋ ಸಾಲು ಮರೆತು, ಬಾಯಿಗೆ ಬಂದದ್ದನ್ನು ಹಾಡಿ, ಡ್ರಮ್ಮಿನ ಸದ್ದಲ್ಲಿ ಮುಚ್ಚಿಕೊಂಡಿದ್ದಾರೆ ಅನಿಸಿತು.