ಚಲೋ ಹಿಡಿದವರು ಯಾರು?

ಕೂಡ್ಲಿಗಿಯ ಜವಳಿ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದ ಜಂಬುನಾಥನ ನಾಲಿಗೆಯ ಮೇಲೆ ಒಂದೇ ಮಾತು ಕೂತುಬಿಟ್ಟಿತ್ತು. ಯಾರೇ ಬರಲಿ, "ಅಕ್ಕಾರ, ಈ ಬಣ್ಣ ನಿಮಗ ಒಪ್ಪಿದಂಗ ಇನ್ಯಾರಿಗೂ ಒಪ್ಪಲ್ಲ ನೋಡ್ರಿ" ಎನ್ನುವನು. ಪಕ್ಕಪಕ್ಕ ಕೂತ ಅತ್ತೆ ಸೊಸೆಗೆ ಒಂದೇ ಬಣ್ಣದ ಸೀರೆ ತೋರಿಸಿ, ಇಬ್ಬರಿಗೂ ಅದೇ ಮಾತು ಹೇಳಿ, ಇಬ್ಬರಿಗೂ ಮಾರಿ ಕಳಿಸಿದ ಗಟ್ಟಿಗ. ಮನೆಯಲ್ಲೂ ಅಷ್ಟೇ. ಅವ್ವನ ರೊಟ್ಟಿ ತಿಂದರೆ "ಅತ್ತಿಗಿಗೆ ಈ ಕೈ ಬರಲ್ಲ ಬಿಡು" ಎಂದು ಅವ್ವನ ಕಿವಿಯಲ್ಲಿ. ಅತ್ತಿಗೆಯ ಪಲ್ಯ ತಿಂದರೆ "ಅವ್ವಗ ಈ ರುಚಿ ಗೊತ್ತಿಲ್ಲ" ಎಂದು ಅತ್ತಿಗೆಯ ಕಿವಿಯಲ್ಲಿ. ಹೀಗೆ ಎಲ್ಲರಿಗೂ ಬೇಕಾದವನಾಗಿದ್ದರೂ ಮೂವತ್ತು ದಾಟಿದ ಅವನಿಗೆ ಹೆಣ್ಣು ಮಾತ್ರ ಗಟ್ಟಿಯಾಗಿರಲಿಲ್ಲ.

ಈಗ ಇಟ್ಟಿಗಿಯಿಂದ ಒಂದು ಫೋಟೊ ಬಂದಿತ್ತು. ಹುಡುಗಿಯ ಹೆಸರು ರೇಣುಕಾ. ಆ ಫೋಟೊ ನೋಡಿದಾಗಿನಿಂದ ಜಂಬುನಾಥ ಸೀರೆ ಮಡಿಸುವಾಗ ಮಡಿಕೆ ತಪ್ಪುತ್ತಿದ್ದ. ಅಂಗಡಿಯ ಸಾಹುಕಾರರೇ ಬೇಸತ್ತು ಭಾನುವಾರ ರಜೆ ಕೊಟ್ಟು, "ಹೋಗಿ ನೋಡ್ಕೊಂಡು ಬಾ ಮಾರಾಯ" ಎಂದು ಕಳಿಸಿದರು.

ಸಂಬಂಧ ತಂದವನು ಓಣಿಯ ಬೊಮ್ಮಪ್ಪ ಕಾಕಾ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಕಾಕಾ ಗುಟ್ಟು ಬಿಚ್ಚಿದ.

"ಲೇ ತಮ್ಮಾ, ಹುಡುಗಿ ಅಪ್ಪ ಮೈಲಾರಲಿಂಗಪ್ಪ. ಸೋದರಮಾವ ಯರ್ರೆಪ್ಪ. ಇಬ್ರೂ ಒಪ್ಪಿದ್ರ ಎಲಿ ಅಡಿಕಿ. ಇಬ್ರಾಗ ಒಬ್ರು ಒಲ್ಲೆ ಅಂದ್ರೂ ನಾವು ತಿರುಗಿ ಬಸ್ ಹತ್ತಾದ."

"ಅದು ಎಲ್ಲಾ ಕಡಿ ಇರಾದ ಅಲ್ಲೇನು ಕಾಕಾ."

"ಕೇಳಿಲ್ಲಿ. ಇಬ್ರೂ ಇಟ್ಟಿಗಿ ಕಬಡ್ಡಿ ಟೀಮಿನಾಗ ಆಡಿದೋರು. ರೈಡಿಗೆ ಬಂದೋನ್ನ ಹಿಡ್ಯಾದ್ರಾಗ ಎತ್ತಿದ ಕೈ. ಬಂದೋರ್ನೆಲ್ಲಾ ಒಂದ ಕೇಳ್ತಾರ: ಇಷ್ಟು ವರ್ಷದಾಗ ಇಟ್ಟಿಗಿ ಟೀಮಿನಾಗ ಚಲೋ ಹಿಡ್ದೋರು ಯಾರು ಅಂತ. ಹೋದ ಬ್ಯಾಸಿಗ್ಯಾಗ ಬಂದ ಗಂಡು ಗೊತ್ತಿಲ್ರಿ ಅಂದ. ಚಾ ಸೈತ ಕೊಡ್ಲಿಲ್ಲ."

ಜಂಬುನಾಥ ನಕ್ಕ. ಕಬಡ್ಡಿಯ ಗಂಧಗಾಳಿ ಅವನಿಗಿರಲಿಲ್ಲ. ಆದರೆ ಕೇಳಿದವರ ಮನಸ್ಸಿಗೆ ಏನು ಬೇಕೆಂಬುದು ಅವನಷ್ಟು ಯಾರಿಗೆ ಗೊತ್ತು? "ಇಷ್ಟ ಅಲ್ಲೇನು ಕಾಕಾ" ಎಂದು ಹೊಸ ಪ್ಯಾಂಟಿನ ಇಸ್ತ್ರಿ ಕೆಡದಂತೆ ಮೊಣಕಾಲ ಮೇಲೆ ಕರವಸ್ತ್ರ ಹಾಸಿಕೊಂಡ.

ಇಟ್ಟಿಗಿಯಲ್ಲಿ ಮೈಲಾರಲಿಂಗಪ್ಪನೇ ಬಾಗಿಲಿಗೆ ಬಂದು ಕೈಕಾಲಿಗೆ ನೀರು ಕೊಟ್ಟ. ಸಣಕಲು ಆಳು, ಉದ್ದ ಕೈ. ತಂಬಿಗೆ ಕೊಡುವಾಗಲೂ ಅವನ ಕಣ್ಣು ಬಂದವನ ಹಿಮ್ಮಡಿಯ ಮೇಲೇ ಇತ್ತು.

"ಹಡಗಲಿ ಫೈನಲ್ ಕೇಳಿರೇನು? ಹರಪನಹಳ್ಳಿ ಹುಡುಗ, ಗೆರಿ ಮುಟ್ಟಾಕ ಇನ್ನೊಂದು ಗೇಣಿತ್ತು. ಹಿಮ್ಮಡಿಗೆ ಕೈ ಹಾಕಿದ್ನಿ ನೋಡ್ರಿ, ಬಾಗಿಲಿಗೆ ಚಿಲಕ ಬಿದ್ದಂಗ. ನಮ್ಮ ಯರ್ರೆಪ್ಪ ನಡಾ ಹಿಡೀತಾನ. ಕಸುವಿದ್ರ ಯಾರು ಬೇಕಾದ್ರೂ ನಡಾ ಹಿಡೀತಾರ. ಕಾಲು ಹಿಡ್ಯಾಕ ಕಣ್ಣು ಬೇಕು. ಏನಂತೀರಿ?"

"ಅನ್ನಾದೇನೈತ್ರಿ ಅದ್ರಾಗ. ನಿಮ್ಮಂಗ ಹಿಡ್ದೋರು ಇನ್ನೊಬ್ರಿಲ್ಲ. ಕೂಡ್ಲಿಗ್ಯಾಗ ಈಗ್ಲೂ ಹೇಳ್ತಾರ."

ಮೈಲಾರಲಿಂಗಪ್ಪನ ಮುಖ ಅರಳಿತು. ಒಂದು ಒಪ್ಪಿಗೆ ಜೇಬಿಗೆ ಬಿತ್ತೆಂದು ಜಂಬುನಾಥ ಒಳಗೆ ಕಾಲಿಡುವಷ್ಟರಲ್ಲಿ, "ಬರ್ರಿ, ನಮ್ಮ ಹೊಸಾ ಎಮ್ಮಿ ನೋಡ್ರಿ" ಎಂದು ಯರ್ರೆಪ್ಪ ತೋಳು ಹಿಡಿದು ಕೊಟ್ಟಿಗೆಗೆ ಎಳೆದೊಯ್ದ. ಈತ ಗುಡಾಣದಂಥ ಆಳು. ಎಮ್ಮೆಯ ಸುದ್ದಿಯನ್ನೇ ಎತ್ತಲಿಲ್ಲ.

"ನಮ್ಮ ಭಾವ ಬಗ್ಗಿ ಕಾಲು ಹಿಡೀತಾರ. ಓಡಿ ಹೋಗೋನ ಕಾಲು ಯಾರಿಗಾದ್ರೂ ಸಿಗ್ತೈತಿ. ಎದುರಿಗೆ ನುಗ್ಗಿ ಬರೋನ ನಡಾ ಹಿಡ್ದು ಎತ್ತಾದು ಹಿಡಿತ. ಕೊಟ್ಟೂರಾಗ ಒಬ್ಬ ಪೈಲ್ವಾನನ್ನ ಎತ್ಕೊಂಡು ನಿಂತ್ನಿ. ಅಂಪೈರ್ ಸೀಟಿ ಊದಾದ ಮರ್ತ. ನೀವು ನಾಕು ಮಂದಿ ಕಂಡೋರು. ನೀವ ಹೇಳ್ರಿ, ಚಲೋ ಹಿಡ್ದೋರು ಯಾರು?"

"ನೀವ ಬಿಡ್ರಿ" ಎಂದ ಜಂಬುನಾಥ, ಎಮ್ಮೆಗೂ ಕೇಳಿಸದಷ್ಟು ಮೆಲ್ಲಗೆ. "ನಿಮ್ಮಂಗ ಹಿಡ್ದೋರು ಇನ್ನೊಬ್ರಿಲ್ಲ."

ಪಡಸಾಲೆಯಲ್ಲಿ ಮಂಡಕ್ಕಿ ವಗ್ಗರಣೆ, ಮೆಣಸಿನಕಾಯಿ ಬಜ್ಜಿ ಬಂದವು. ಬೊಮ್ಮಪ್ಪ ಕಾಕಾ ಮೆಣಸಿನಕಾಯಿಯೊಂದನ್ನು ಬಾಯಿಗಿಡುವಾಗ ಯರ್ರೆಪ್ಪ ತೊಡೆ ತಟ್ಟಿ ಹೇಳಿದ: "ಭಾವ, ಹುಡುಗ ನನಗ ಒಪ್ಪಿಗಿ. ತಿಳಿವಳಿಕಿ ಐತಿ. ಇಟ್ಟಿಗಿ ಟೀಮಿನಾಗ ಚಲೋ ಹಿಡ್ದೋನು ನಾನ ಅಂದ."

ಮೈಲಾರಲಿಂಗಪ್ಪ ತಟ್ಟೆ ಕೆಳಗಿಟ್ಟ. "ನನ್ ಮುಂದ ನನ್ ಹೆಸರು ಹೇಳ್ಯಾನಲ್ಲೋ."

ಇಬ್ಬರೂ ಜಂಬುನಾಥನ ಕಡೆ ತಿರುಗಿದರು. ಕಾಕಾ ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಅಗಿಯುವುದೋ ನುಂಗುವುದೋ ತಿಳಿಯದೆ ಕಣ್ಣಲ್ಲಿ ನೀರು ತಂದುಕೊಂಡ.

"ಅದೇನಂದ್ರ" ಎಂದ ಜಂಬುನಾಥ, ಬೆವರೊರೆಸುತ್ತ. "ನಾ ಕಣ್ಣಾರೆ ನೋಡಿಲ್ಲಲ್ರಿ. ಮಂದಿ ಹೇಳಿದ್ದು ಕೇಳಿ ಅಂದ್ನಿ. ನೋಡಿದ್ರ ಒಂದು ಮಾತು ಹೇಳಬೌದಿತ್ತು."

ತಪ್ಪಿಸಿಕೊಳ್ಳಲು ಆಡಿದ ಆ ಮಾತೇ ಅವನನ್ನು ಹಳ್ಳಕ್ಕೆ ಕೆಡವಿತು. "ಅಷ್ಟ ತಾನ?" ಎಂದು ಇಬ್ಬರೂ ಒಟ್ಟಿಗೇ ಎದ್ದರು. ಅಂಗಳದ ಕಟ್ಟಿಗೆ ಹೊರೆ ಪಕ್ಕಕ್ಕೆ ಸರಿಯಿತು. ನಡುವೆ ಒಂದು ಸುಣ್ಣದ ಗೆರೆ ಬಿತ್ತು. ಪಕ್ಕದ ಮನೆಯ ಕರಿಸಿದ್ದಪ್ಪ, ಯಾರೂ ಕರೆಯದಿದ್ದರೂ, ಹಳೇ ಸೀಟಿ ಹುಡುಕಿಕೊಂಡು ಬಂದ. ಗೋಡೆಯ ಮೇಲೆ ಓಣಿಯ ತಲೆಗಳೆಲ್ಲ ಎದ್ದವು.

"ಹೆಣ್ಣು ನೋಡಾಕ ಬಂದ ಗಂಡಿಗೆ ಇದೇನ್ರೋ" ಎಂದಳು ಗೋಡೆಯಾಚೆಯ ಮರುಳಸಿದ್ದಮ್ಮ. "ಪ್ಯಾಂಟು ಹರದೀತು. ಒಂದು ಪಂಜಿನಾರ ಕೊಡ್ರಿ."

ಪಂಚೆ ಬರುವ ಮೊದಲೇ ಸೀಟಿ ಊದಿಯಾಗಿತ್ತು. ಜಂಬುನಾಥ ಕ್ಷೀಣ ಸ್ವರದಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತ ಗೆರೆ ದಾಟಿದ. ಸೀರೆ ತೋರಿಸಿದಂತೆ ಕೈ ಚಾಚಿ, ಹಿಂದಕ್ಕೆ ತಿರುಗಿದ್ದೊಂದೇ ಗೊತ್ತು. ಮೈಲಾರಲಿಂಗಪ್ಪ ಎಲ್ಲಿ ಬಗ್ಗಿದನೋ, ಬಲಗಾಲ ಹಿಮ್ಮಡಿಗೆ ಚಿಲಕ ಬಿತ್ತು. ಮುಖ ಸುಣ್ಣದ ಗೆರೆಗೆ ಒಂದು ಗೇಣು ಈಚೆ ಮಣ್ಣಿನಲ್ಲಿತ್ತು, ಪ್ಯಾಂಟು ಮೊಣಕಾಲಲ್ಲಿ ಬಾಯಿ ತೆರೆದಿತ್ತು.

"ಈಗ ನಂದು" ಎಂದ ಯರ್ರೆಪ್ಪ. ಈ ಸಲ ನೆಲ ಇದ್ದಕ್ಕಿದ್ದಂತೆ ದೂರ ಹೋಯಿತು. ಆ ಎತ್ತರದಿಂದ ಜಂಬುನಾಥನಿಗೆ ಮರುಳಸಿದ್ದಮ್ಮನ ಹಿತ್ತಿಲು, ಅಲ್ಲಿ ಒಣಗಿದ ಹಪ್ಪಳ ಎಲ್ಲವೂ ಕಂಡವು. ಮತ್ತೆ ನೆಲಕ್ಕೆ ಬಂದಾಗ ಸೊಂಟದಲ್ಲಿ ಏನೋ ಲಟಕ್ಕೆಂದಿತು.

"ಈಗ ಹೇಳ್ರಿ" ಎಂದರು ಇಬ್ಬರೂ ಮೇಲಿಂದ ಬಗ್ಗಿ ನೋಡುತ್ತ.

ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಒಲ್ಲೆ ಎನ್ನುತ್ತಾನೆ. ಸುಮ್ಮನಿದ್ದರೆ ಮತ್ತೊಂದು ಸುತ್ತು ಹಿಡಿಯುತ್ತಾರೆ. ಅಷ್ಟರಲ್ಲಿ ದೂರದಲ್ಲಿ ಕೊಟ್ಟೂರು ಬಸ್ಸಿನ ಹಾರ್ನು ಕೇಳಿತು. ಹುಡುಗಿಯೂ ಬೇಡ, ಸಂಬಂಧವೂ ಬೇಡ, ಜೀವ ಉಳಿದರೆ ಸಾಕೆಂದು ಜಂಬುನಾಥ ಎದ್ದವನೇ ಕುಂಟುತ್ತ ಬಾಗಿಲಿನತ್ತ ಓಡಿದ.

ಬಾಗಿಲಲ್ಲಿ ಚಾ ತಟ್ಟೆ ಹಿಡಿದು ರೇಣುಕಾ ನಿಂತಿದ್ದಳು. ಆಕೆ ಗಡಿಬಿಡಿ ಮಾಡಲಿಲ್ಲ. ಎಡಗೈಯಲ್ಲಿ ತಟ್ಟೆ ಹಾಗೇ ಇತ್ತು, ಬಲಗೈ ಚಾಚಿ ಪಕ್ಕದಲ್ಲಿ ಹಾಯುತ್ತಿದ್ದವನ ಮಣಿಕಟ್ಟು ಹಿಡಿದಳು. ಅಷ್ಟೇ. ಜಂಬುನಾಥ ಇದ್ದಲ್ಲೇ ನಿಂತ. ನೋವಾಗಲಿಲ್ಲ, ಆದರೆ ಒಂದು ಹೆಜ್ಜೆ ಮುಂದಿಡಲಾಗಲಿಲ್ಲ. ಒಂದು ಲೋಟದ ಚಾ ಕೂಡ ತುಳುಕಲಿಲ್ಲ. ಕರಿಸಿದ್ದಪ್ಪ ತನಗೇ ತಿಳಿಯದಂತೆ ಸೀಟಿ ಊದಿದ.

"ಇದಪ್ಪಾ ಹಿಡಿತ ಅಂದ್ರ" ಎಂದ ಮೈಲಾರಲಿಂಗಪ್ಪ.

"ಹೌದು ಭಾವ" ಎಂದ ಯರ್ರೆಪ್ಪ.

ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಇಟ್ಟಿಗಿ ಅಂದೇ ಮೊದಲು ಕಂಡದ್ದು. ಮಗಳೇ ಹಿಡಿದ ಮೇಲೆ ಇನ್ನು ಕೇಳುವುದೇನೆಂದು ಅಪ್ಪ ಒಪ್ಪಿಗೆ ಅಂದ, ಮಾವ ಒಪ್ಪಿಗೆ ಅಂದ. ಕಾಕಾ ಮೆಣಸಿನಕಾಯಿ ನುಂಗಿ ಎಲೆ ಅಡಿಕೆಗೆ ಕೈ ಹಾಕಿದ. ಜಂಬುನಾಥ ಮಾತ್ರ ರೇಣುಕಾಳ ಮುಖವನ್ನೇ ನೋಡುತ್ತಿದ್ದ. ಫೋಟೊದಲ್ಲಿ ಇಷ್ಟು ಚೆಂದ ಬಂದಿರಲಿಲ್ಲ. ಕಾಲು, ಸೊಂಟ ಎರಡೂ ಮರೆತುಹೋದವು. ಈ ಕೈ ಹೀಗೇ ಹಿಡಿದಿದ್ದರೆ ಸಾಕು ಅನ್ನಿಸಿತು.

"ಒಂದು ಮಾತು ಕೇಳ್ಲೇನ್ರಿ?" ಎಂದಳು ರೇಣುಕಾ, ಕೈ ಬಿಡದೆ. "ನಮ್ಮ ಮೂರು ಮಂದ್ಯಾಗ ಚಲೋ ಹಿಡ್ದೋರು ಯಾರು?"

"ನೀವ" ಎಂದ ಜಂಬುನಾಥ. "ನಿಮ್ಮಂಗ ಹಿಡ್ದೋರು ಇನ್ನೊಬ್ರಿಲ್ಲ."

ಹುಟ್ಟಿದಾಗಿನಿಂದ ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದನೋ, ಹೊಟ್ಟೆಯಿಂದ ಬಂದದ್ದು ಅದೊಂದೇ ಸಲ. ರೇಣುಕಾ ಕೈ ಬಿಟ್ಟಳು.

"ನೀರು ಕೊಟ್ಟಾಗ ಅಪ್ಪಗ ಇದನ್ನ ಅಂದ್ರಿ. ನಾ ಕಿಟಕ್ಯಾಗ ಇದ್ನಿ. ಕೊಟ್ಟಿಗ್ಯಾಗ ಮಾವಗ ಇದನ್ನ ಅಂದ್ರಿ, ಅವರ ಬಾಯಿಂದನ ಕೇಳಿದ್ನಿ. ಈಗ ನನಗ. ನಾಳೆ ಸೀರಿ ತಗೊಳ್ಳಾಕ ಬಂದೋರಿಗೆಲ್ಲಾ ಇದನ್ನ ಅಂತೀರಿ. ನಾ ಒಲ್ಲೆ."

ಚಾ ಮಾತ್ರ ಕೊಟ್ಟಳು.

ಸಂಜೆ ಕೂಡ್ಲಿಗಿಯ ಮನೆಯಲ್ಲಿ ಜಂಬುನಾಥ ಚಾಪೆಯ ಮೇಲೆ ಬೋರಲು ಬಿದ್ದಿದ್ದ. ಅವ್ವ ಹಿಮ್ಮಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು, ಅತ್ತಿಗೆ ಸೊಂಟಕ್ಕೆ ಕಾವು ಕೊಡುತ್ತಿದ್ದಳು. ಬಾಗಿಲ ಹೊರಗೆ ಕಾಕಾ ಇಟ್ಟಿಗಿಯಲ್ಲಿ ನಡೆದದ್ದನ್ನೆಲ್ಲ ಓಣಿಗೆ ಹೇಳುತ್ತಿದ್ದ. ಸ್ವಲ್ಪ ನೋವಿಳಿದು ಜಂಬುನಾಥ ಹಾಯೆಂದು ಉಸಿರು ಬಿಟ್ಟ.

"ಯಾರ ಕೈಗುಣ ಇದು, ನಂದೋ ಅಕೀದೋ?" ಎಂದಳು ಅವ್ವ.

ಅತ್ತಿಗೆಯ ಕೈಯೂ ನಿಂತಿತು. ಜಂಬುನಾಥ ಅಭ್ಯಾಸಬಲದಿಂದ ಬಾಯಿ ತೆರೆದ. ರೇಣುಕಾ ಕೈ ಬಿಟ್ಟದ್ದು ನೆನಪಾಯಿತು. ಇನ್ನು ಮೇಲೆ ಸುಳ್ಳು ಬೇಡವೆಂದು, ಏನೂ ಹೇಳದೆ ಬಾಯಿ ಮುಚ್ಚಿದ.

"ಬಾಯಿ ಬಿಡವಲ್ಲ ಅಂದ್ರ ಅಕೀದ ಅಂತಾತು" ಎಂದು ಅವ್ವ ಎದ್ದಳು.

"ಅತ್ತ್ಯಾರ್ದು ಅಂತ ನನ್ ಮುಂದ ಹೇಳಾಕ ಸಂಕೋಚ" ಎಂದು ಅತ್ತಿಗೆಯೂ ಎದ್ದಳು. ಹೋಗುವಾಗ ಎಣ್ಣೆ ಬಟ್ಟಲನ್ನೂ ತೆಗೆದುಕೊಂಡು ಹೋದಳು.