ಹತ್ತಿ ಬೀಜದ ಪಂಡಿತ, ಗಾಂಜಾ ಕಂಪನಿಯಲ್ಲಿ

ಏನೂ ಗೊತ್ತಿಲ್ಲದವರು ನನ್ನ ಕಣ್ಣೆದುರೇ ಮುಂದೆ ಬರುವುದು ಹೊಸದಲ್ಲ. ಡಾಟ್‌ಕಾಮ್ ಕಾಲದಲ್ಲಿ ಮಾತ್ರ ಅದು ವಾರಕ್ಕೊಮ್ಮೆ ಆಗತೊಡಗಿತು.

ನಾನು ಧಾರವಾಡದಲ್ಲಿ ಬೀಜವಿಜ್ಞಾನ ಓದಿ, ರಾಣೆಬೆನ್ನೂರಿನ ಕಡೆ ಹನ್ನೊಂದು ವರ್ಷ ಹೈಬ್ರಿಡ್ ಹತ್ತಿ ಬೀಜ ಮಾಡಿಸಿದವನು. ಹೆಂಡತಿಗೆ ನೌಕರಿ ಸಿಕ್ಕಿತೆಂದು ಅಮೆರಿಕದ ಮಿಲ್ಪಿಟಾಸ್‌ಗೆ ಬಂದು, ಒಂದು ನರ್ಸರಿಯಲ್ಲಿ ಹೂಕುಂಡ ಮಾರುತ್ತಿದ್ದೆ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಬೆಂಗಳೂರಿನ ಇಂಜಿನಿಯರೊಬ್ಬ ವೆಬ್‌ಸೈಟು ಮಾಡುತ್ತಿದ್ದ. ಡಾಕ್ಟರು ಹೇಳಿದರೆ ರೋಗಿಗಳು ಗಾಂಜಾ ಬಳಸಬಹುದೆಂದು ಕ್ಯಾಲಿಫೋರ್ನಿಯದವರು ಆಗಷ್ಟೇ ಒಪ್ಪಿದ್ದರು. ಅವನು ಗಾಂಜಾ ಬೆಳೆಯುವ ಕಂಪನಿ ತೆಗೆಯಲು ಹೊರಟ.

೧. ಮನಿ ಪ್ಲಾಂಟು

ಅದೇ ಹೊತ್ತಿಗೆ ನಾವು ಮೂರು ವಾರ ಊರಿಗೆ ಹೋದೆವು. "ಗಿಡಕ್ಕೆ ದಿನಾ ನೀರು ಹಾಕಪ್ಪಾ" ಎಂದು ಅವನಿಗೆ ಕೀಲಿ ಕೊಟ್ಟಿದ್ದೆ. ವಾಪಸ್ ಬಂದು ನೋಡಿದರೆ ಅಡುಗೆಮನೆ ಕಿಟಕಿಯ ಮನಿ ಪ್ಲಾಂಟು ಒಣಗಿ ಕಡ್ಡಿಯಾಗಿತ್ತು. ಟೀವಿ ಮೇಲಿನ ಪ್ಲಾಸ್ಟಿಕ್ ಗುಲಾಬಿಯ ಕುಂಡ ತುಂಬಿ ತುಳುಕುತ್ತಿತ್ತು.

"ನೋಡಿ ಸರ್, ಒಂದು ಎಲೆ ಕೂಡ ಉದುರಿಲ್ಲ" ಎಂದ, ಹೆಮ್ಮೆಯಿಂದ.

ಬೆಳೆ ಬೆಳೆಯಲು ಅವನಿಗೆ ಬಂಡವಾಳ ಸಿಕ್ಕಿದ್ದು ಆ ತಿಂಗಳೇ.

೨. ಟೀ ಶರ್ಟು

ಯೂನಿಯನ್ ಸಿಟಿಯಲ್ಲಿ ಗೋಡೌನು ಹಿಡಿದು ನನಗೆ ತೋರಿಸಲು ಕರೆದೊಯ್ದ. ಪಿಂಗ್‌ಪಾಂಗ್ ಟೇಬಲ್ಲಿತ್ತು, ಕಾಫಿ ಮಶೀನಿತ್ತು, ಕಂಪನಿ ಹೆಸರಿನ ಟೀ ಶರ್ಟುಗಳ ರಾಶಿಯಿತ್ತು.

"ಗಿಡ ಎಲ್ಲಪ್ಪಾ?"

"ಅದು ಫೇಸ್ ಟೂ ಸರ್."

ನನಗೂ ಒಂದು ಟೀ ಶರ್ಟು ಕೊಟ್ಟ. ಮನೆಯಲ್ಲಿ ಹೆಂಡತಿ ಅದನ್ನು ಸವರಿ ನೋಡಿದಳು. "ಬೆಳಿ ಅಂದ್ರ ಏನಂತ ಗೊತ್ತಿಲ್ದಂವ ಬೆಳಿ ಕಂಪನಿ ತಗದಾನ. ನೀವು ಅದನ್ನ ಓದಿದವರು, ಏನ್ ಮಾಡಾಕತ್ತೀರಿ?"

ನಾನು ಉತ್ತರಿಸುವ ಮೊದಲೇ, ನರ್ಸರಿಯ ಕುಂಡದಿಂದ ನನ್ನ ತೋಳಿಗೆ ಅಂಟಿಕೊಂಡಿದ್ದ 'ಅರ್ಧ ಬೆಲೆ' ಸ್ಟಿಕರನ್ನು ಅವಳೇ ಕಿತ್ತಳು.

೩. ಗಂಡು ಗಿಡ

ಕೊನೆಗೂ ಗಿಡ ಬಂದವು. ಬಾಡಿದವು. ಆಗ ಅವನಿಗೆ ನನ್ನ ನೆನಪಾಯಿತು.

"ಸರ್, ಎರಡು ತಿಂಗಳಲ್ಲಿ, ಗಾಂಜಾ ಕೊಳ್ಳೋ ರೋಗಿಗಳ ಕ್ಲಬ್ಬಿನವರು ಬೆಳೆ ನೋಡೋಕೆ ಬರ್ತಾರೆ. ಅವರು ಬೇಡ ಅಂದ್ರೆ ಕಂಪನಿ ಕ್ಲೋಸು. ನೀವೇ ಹೆಡ್ ಗ್ರೋವರ್ ಆಗಿ."

ಮರುದಿನವೇ ನರ್ಸರಿ ಬಿಟ್ಟೆ. ಹದಿನೈದು ದಿನದಲ್ಲಿ ಗಿಡಗಳು ತಲೆ ಎತ್ತಿದವು. ನಾನೂ ಎತ್ತಿದೆ.

ಒಂದು ದಿನ ಅವನು ಮೂಲೆಯ ನಾಲ್ಕು ಗಿಡ ಕೀಳಲು ಹೊರಟ. "ಇವು ಗಂಡು ಸರ್. ಬಿಸಾಕ್ಬೇಕಂತೆ."

"ಯಾರಂದ್ರು?"

"ಇಂಟರ್ನೆಟ್ಟಲ್ಲಿದೆ."

"ಹನ್ನೊಂದು ವರ್ಷ ಇದೇ ಕೆಲಸ ಮಾಡಿದಂವ ನಾನೋ, ನಿನ್ನ ಇಂಟರ್ನೆಟ್ಟೋ?"

"ಸಾರಿ ಸರ್" ಎಂದು ಕೈ ತೊಳೆದುಕೊಂಡ. ಅಮೆರಿಕದಲ್ಲಿ ನಾನು ಕಂಡ ಪರಮಸುಖ ಅದೊಂದೇ.

೪. ಕ್ಲಬ್ಬಿನ ಅಜ್ಜಿ

ಮಾರನೆಯ ಬೆಳಿಗ್ಗೆಯಿಂದ ಹತ್ತಿ ಹೊಲದ ಕ್ರಮ ಶುರು ಮಾಡಿದೆ. ಗಂಡು ಹೂವಿನ ಪರಾಗ ತಂದು ಹೆಣ್ಣು ಹೂವಿಗೆ ಒಂದೊಂದಾಗಿ ಕೈಯಾರೆ ಮುಟ್ಟಿಸುವುದು. ಸೊಂಟ ಬಿದ್ದು ಹೋಯಿತು. ಒಂದು ಹೂವನ್ನೂ ಬಿಡಲಿಲ್ಲ.

ಕ್ಲಬ್ಬಿನಿಂದ ಬಂದವಳು ನರೆತ ಜಡೆಯ ಒಬ್ಬ ಅಜ್ಜಿ. ಮೂವತ್ತು ವರ್ಷ ಗುಡ್ಡದಲ್ಲಿ ಇದನ್ನೇ ಬೆಳೆದವಳಂತೆ. ಒಂದು ಹೂಗೊಂಚಲು ಮುರಿದಳು. ಮೇಜಿನ ಮೇಲೆ ಪಟಪಟ ಬೀಜ ಉದುರಿದವು. ಇನ್ನೊಂದು ಮುರಿದಳು. ಮತ್ತೆ ಬೀಜ. ದುಂಡು, ಪುಷ್ಟ, ಒಂದೂ ಜೊಳ್ಳಿಲ್ಲ. ನಾನು ಹೊಗಳಿಕೆಗೆ ಕಾದು ನಿಂತೆ.

"ಬೀಜ ಯಾರಿಗೆ ಬೇಕು?" ಎಂದಳು. "ರೋಗಿಗಳಿಗೆ ಬೇಕಾದ್ದು ಬೀಜವಿಲ್ಲದ ಹೂವು. ಒಂದು ಗಂಡು ಗಿಡ ಉಳಿದರೂ ಬೆಳೆ ಕೆಟ್ಟಂತೆ. ಇದನ್ನು ನಾವು ಕೊಳ್ಳುವುದಿಲ್ಲ."

ಪಕ್ಕದ ಮನೆಯವನು ನಡುವೆ ಬಂದ. "ಗಾಳಿಗೆ ಪರಾಗ ಹಾರಿರಬೇಕು ಮೇಡಂ" ಎಂದ, ನನ್ನ ಮಾನ ಉಳಿಸಲು.

ಅಜ್ಜಿ ಕನ್ನಡಕ ಹಾಕಿಕೊಂಡು ಇಡೀ ಸಾಲನ್ನು ನೋಡಿ ಬಂದಳು.

"ಗಾಳಿಗಾದರೂ ನಾಲ್ಕು ಹೂವು ತಪ್ಪುತ್ತವೆ" ಎಂದಳು. "ಇದು ಯಾರೋ ಓದಿದವರ ಕೆಲಸ."