ಎರಡು ಬೆರಳಿನಷ್ಟು ಬಾಯಿ

ದವಡೆಗೊಂದು ಕೀಲು ಇದೆ ಎಂಬುದು ಅದು ಕೈಕೊಡುವವರೆಗೆ ಯಾರಿಗೂ ನೆನಪಿರುವುದಿಲ್ಲ. ಮೊಣಕಾಲು ಹೋದವರಿಗೆ ಒಂದು ಮರ್ಯಾದೆ ಇದೆ, ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ. ದವಡೆ ಹೋದವರ ಕಥೆ ಕೇಳಿ ಮೊದಲು ನಗುತ್ತಾರೆ, ಆಮೇಲೆ ಪಾಪ ಅನ್ನುತ್ತಾರೆ. ನನ್ನ ಎಡಗಿವಿಯ ಮುಂದೆ ಆ ಕೀಲು ‘ಟಕ್’ ಎನ್ನಲು ಶುರುವಾದಾಗಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ಎಲ್ಲವೂ ಅಳಬೇಕಾದ ಸಂಗತಿಗಳೇ. ಆದರೆ ಅಳಲಿಕ್ಕೂ ಬಾಯಿ ತೆರೆಯಬೇಕಲ್ಲ.

ಕೊನೆಯ ಪಥ್ಯ

ನಾನು ಬಾಗಲಕೋಟೆ ಕಡೆಯವಳು. ನಮ್ಮ ಯಜಮಾನರು ಹೇರೋಹಳ್ಳಿಯಲ್ಲಿ ಮನೆ ಕಟ್ಟಿದಾಗ ಸುತ್ತಲೂ ರಾಗಿ ಹೊಲ ಇತ್ತು. ಈಗ ಹೊಲವೂ ಇಲ್ಲ, ರಸ್ತೆಯೂ ಇಲ್ಲ. ಮಗ ಆಟೋದಲ್ಲಿ ರಾಜಾಜಿನಗರದ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದ. ಗುಂಡಿಗಳಲ್ಲಿ ಬಿದ್ದೆದ್ದು ತಲುಪುವಷ್ಟರಲ್ಲಿ ಚೆನ್ನಾಗಿದ್ದ ಬಲದವಡೆಯೂ ನೋಯುತ್ತಿತ್ತು.

ಡಾಕ್ಟರಮ್ಮ ಎಲ್ಲ ನೋಡಿ, ಕೀಲಿನ ನಡುವಿನ ಮೆತ್ತೆ ಜಾಗ ಬಿಟ್ಟಿದೆ ಎಂದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ, ಅದಕ್ಕೆ ಮಲಗುವಾಗ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಗಾರ್ಡು. ಬಿಸಿ ಶಾಖ ಕೊಡಬೇಕು. ರೊಟ್ಟಿ ತಿನ್ನಬಾರದು. ಬಾಯಿಯನ್ನು ಎರಡು ಬೆರಳಿಗಿಂತ ಹೆಚ್ಚು ತೆರೆಯಬಾರದು, ತೆರೆದರೆ ಕೀಲು ಜಾರಿ ಬಾಯಿ ಹಾಗೇ ನಿಂತುಬಿಡಬಹುದು. ನಿಂತರೆ ಏನು ಮಾಡಬೇಕೆಂದು ಮಗನಿಗೆ ಒಂದು ತಲೆಬುರುಡೆಯ ಬೊಂಬೆ ಹಿಡಿದು ತೋರಿಸಿದರು. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕೆಳದವಡೆಯ ಹಿಂದಿನ ಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳಬೇಕು. ಮಗ ಒಂದು ಕಣ್ಣು ಬೊಂಬೆಯ ಮೇಲೆ, ಇನ್ನೊಂದು ಫೋನಿನ ಮೇಲೆ ಇಟ್ಟು ನೋಡಿಕೊಂಡ.

ಕೊನೆಗೆ ಅವರು, ಮಾತು ಆದಷ್ಟು ಕಡಿಮೆ ಮಾಡಬೇಕಮ್ಮ ಎಂದರು. ಮಗ ಫೋನು ಜೇಬಿಗೆ ಹಾಕಿಕೊಂಡ.

“ಎಷ್ಟು ದಿನ ಡಾಕ್ಟ್ರೇ?”

“ಇದು ವಾಸಿ ಆಗೋದಕ್ಕಿಂತ ಹೊಂದ್ಕೊಂಡು ಹೋಗೋ ಕಾಯಿಲೆ. ಮಾತಿನ ಪಥ್ಯ ಜೀವನಪೂರ್ತಿ ಅಂತಲೇ ಇಟ್ಕೊಳ್ಳಿ.”

ನನ್ನ ಮಗ ದೇವಸ್ಥಾನದಲ್ಲೂ ಕೈ ಮುಗಿಯುವವನಲ್ಲ. ಅವತ್ತು ಎದ್ದು ನಿಂತು ಮುಗಿದ.

ಗೋಡೆಗೆ ಮೆತ್ತುವುದು

ಪಕ್ಕದ ಮನೆಯಾಕೆ ಮಾಗಡಿಯವಳು. ಪಕ್ಕಕ್ಕೆ ಬಂದ ಹೊಸತರಲ್ಲಿ ಅವಳು ಪ್ರೀತಿಯಿಂದ ರಾಗಿಮುದ್ದೆ ತಂದುಕೊಟ್ಟಿದ್ದಳು. ನಾನು ಜೋಳದ ರೊಟ್ಟಿಯ ಜಂಬದಲ್ಲಿ, ಇದೇನು, ಗೋಡೆಗೆ ಮೆತ್ತುವುದನ್ನು ತಿನ್ನುತ್ತೀರಲ್ಲ ಎಂದುಬಿಟ್ಟಿದ್ದೆ. ಅವಳು ನಗುತ್ತಲೇ ಪಾತ್ರೆ ಎತ್ತಿಕೊಂಡು ಹೋಗಿದ್ದಳು.

ದವಡೆ ಹೋದ ಸುದ್ದಿ ಕೇಳಿ ಮತ್ತೆ ಮುದ್ದೆ ತಂದಳು. “ಅಗಿಯೋ ಹಂಗೇ ಇಲ್ಲ ಆಂಟಿ. ಮುರಿದು, ಸಾರಲ್ಲಿ ಅದ್ದಿ, ನುಂಗಿಬಿಡಿ.”

ನುಂಗುವುದು ಅಷ್ಟು ಸುಲಭವಲ್ಲ. ರೊಟ್ಟಿ ತಿಂದು ಬೆಳೆದ ಬಾಯಿ ಏನು ಬಂದರೂ ಅಗಿಯುತ್ತದೆ. ಮುದ್ದೆ ಅಂಗುಳಿಗೆ ಮೆತ್ತಿಕೊಂಡಿತು, ಹಲ್ಲಿಗೆ ಮೆತ್ತಿಕೊಂಡಿತು. ಎರಡು ಬೆರಳಿನಷ್ಟು ಬಾಯಿಯೊಳಗೆ ಕೈ ಹಾಕಿ ಬಿಡಿಸಿಕೊಳ್ಳುವುದೂ ಕಷ್ಟ. ಕಣ್ಣಲ್ಲಿ ನೀರು ಬಂತು. ಆಕೆ ನೀರಿನ ಲೋಟ ಮುಂದೆ ಹಿಡಿದು ತಣ್ಣಗೆ ಹೇಳಿದಳು:

“ಅವತ್ತು ಗೋಡೆಗೆ ಮೆತ್ತೋದು ಅಂದ್ರಲ್ಲ ಆಂಟಿ. ಪಾಪ, ಅದು ಇಷ್ಟು ವರ್ಷ ಗೋಡೆ ಹುಡುಕ್ತಾ ಇತ್ತು.”

ಎದುರು ಬಾಲ್ಕನಿ

ಕೀಲಿಗೆ ವ್ಯಾಯಾಮವನ್ನೂ ಹೇಳಿದ್ದರು. ನಾಲಿಗೆ ಅಂಗುಳಿಗೆ ಹಚ್ಚಿ, ನಿಧಾನವಾಗಿ ಬಾಯಿ ತೆರೆದು, ನಿಧಾನವಾಗಿ ಮುಚ್ಚಬೇಕು. ಮನೆಯೊಳಗೆ ಮಾಡಿದರೆ ಸೊಸೆಗೆ ನಗು ಬರುತ್ತದೆಂದು ಬಾಲ್ಕನಿಯಲ್ಲಿ ಬಿಸಿಲಿಗೆ ನಿಂತು ಮಾಡುತ್ತಿದ್ದೆ. ಎದುರು ಮನೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಕಂಕುಳಲ್ಲಿ ಕೂಸು, ಕೈಯಲ್ಲಿ ರಾಗಿಸರಿಯ ಬಟ್ಟಲು. ನನ್ನನ್ನು ನೋಡಿದ ಕೂಸು ತಾನೂ ಬಾಯಿ ತೆರೆಯಿತು. ಅವಳು ತಕ್ಷಣ ಒಂದು ಚಮಚ ತುರುಕಿದಳು. ನಾನು ಮುಚ್ಚಿದೆ, ಕೂಸೂ ಮುಚ್ಚಿ ನುಂಗಿತು.

ಅಲ್ಲಿಂದ ನನ್ನ ವ್ಯಾಯಾಮದ ಹೊತ್ತು ನನ್ನ ಕೈಯಲ್ಲಿ ಉಳಿಯಲಿಲ್ಲ. ಬಟ್ಟಲು ಹಿಡಿದು ಅವಳು ಕೂಗಿದಾಗಲೆಲ್ಲ ನಾನು ಹೋಗಿ ನಿಲ್ಲಬೇಕು. ಒಂದು ದಿನ ನೋವು ಹೆಚ್ಚಾಗಿ ಮಲಗಿಬಿಟ್ಟಿದ್ದೆ. ಬೆಲ್ ಬಾರಿಸಿಕೊಂಡು ಮನೆಗೇ ಬಂದಳು. ಹುಷಾರಿಲ್ಲವಾ ಅಜ್ಜಿ ಎಂದು ಕೇಳಿದಳು. ಎಷ್ಟು ಕಾಳಜಿ ಎಂದುಕೊಂಡು ಏಳಲು ಹೋದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

“ಎದ್ದೇಳಬೇಡಿ, ಮಲಗೇ ಇರಿ. ಕೂಸನ್ನ ಇಲ್ಲಿಗೇ ತಂದಿದೀನಿ. ಬಾಯಿ ಒಂದು ತೆಗೀರಿ ಸಾಕು.”

ಗದ್ದಕ್ಕೆ ಬಟ್ಟೆ

ಹೇರೋಹಳ್ಳಿಯಲ್ಲಿ ನನ್ನ ಮಾತು ಪೂರ್ತಿ ತಿಳಿಯುತ್ತಿದ್ದದ್ದು ಒಬ್ಬಳಿಗೇ. ಹಿಂದಿನ ಬೀದಿಯ ಗೆಳತಿ, ನನ್ನ ತವರಿನ ಪಕ್ಕದ ಊರಿನವಳು. ರೊಟ್ಟಿ ಬಡಿಯುವುದರಲ್ಲಿ ನನಗಿಂತ ಒಂದು ಕೈ ಕಡಿಮೆ, ಬಾಯಿಯಲ್ಲಿ ಒಂದು ಕೈ ಹೆಚ್ಚು.

ಒಂದು ಮಧ್ಯಾಹ್ನ ಬಿಸಿ ಉಪ್ಪಿನ ಗಂಟನ್ನು ದವಡೆಗಿಟ್ಟು, ಅದು ಜಾರದಂತೆ ಗದ್ದದಿಂದ ನೆತ್ತಿಯವರೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಪಡಸಾಲೆಯ ಗೋಡೆಗೊರಗಿ ಕುಳಿತಿದ್ದೆ. ಹಾಗೇ ನಿದ್ದೆ ಹತ್ತಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಗದ್ದಕ್ಕೆ ಬಟ್ಟೆ ಕಟ್ಟಿ, ಗೋಡೆಗೊರಗಿಸಿ ಕೂರಿಸುತ್ತಾರೆ. ಹೆಂಗಸರು ಸುತ್ತ ಕುಳಿತು, ಹೋದವರ ಗುಣ ಎತ್ತಿ ಹಾಡಿ ಹಾಡಿ ಅಳುತ್ತಾರೆ.

ಎಚ್ಚರವಾದಾಗ ಯಾರೋ ಹಾಡುತ್ತಿದ್ದರು.

“ರೊಟ್ಟಿ ಬಡದ ಕೈ ತಣ್ಣಗಾತಲ್ಲ ನನ ಗೆಳತೀ. ಯಾರ ಕೂಡ ಮಾತಾಡಲೇ ನಮ್ಮೂರ ಮಾತ.”

ಗೆಳತಿ ನನ್ನ ಪಾದದ ಬಳಿ ಕುಳಿತು ನಿಜವಾಗಿಯೂ ಅಳುತ್ತಿದ್ದಳು. ನನಗೆ ಎಷ್ಟು ಹಿತವಾಯಿತೆಂದರೆ ಕಣ್ಣು ತೆರೆಯಲು ಮನಸ್ಸಾಗಲಿಲ್ಲ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಆದರೆ ಮುಂದಿನ ಸಾಲಿಗೆ ಅವಳು, “ಪಲ್ಯಾಕ್ಕ ಉಪ್ಪು ಹೆಚ್ಚ ಹಾಕಿದ್ರೂ ಪ್ರೀತಿಲೆ ಹಾಕ್ತಿದ್ದೆಲ್ಲ” ಎಂದಳು.

“ಯಾವಾಗ ಹಾಕೇನಿ?” ಎಂದೆ, ಬಟ್ಟೆಯೊಳಗಿಂದಲೇ.

ಅವಳು ಬೆಚ್ಚಲೂ ಇಲ್ಲ, ಸಂತೋಷಪಡಲೂ ಇಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಸುಮ್ನ ಕುಂದ್ರು. ಇನ್ನೂ ನಾಕ ಸಾಲ ಅದಾವ” ಎಂದಳು.

ಎಲ್ಲ ಮುಗಿಸಿ ಚಹಾ ಕುಡಿಯುವಾಗ ಕರಾರು ಹಾಕಿದಳು. “ನಿಂದು ನಾ ಅತ್ತು ಮುಗಿಸೇನಿ. ನಂದು ನಿನ್ನ ಮ್ಯಾಲ ಬಾಕಿ ಐತಿ. ನಮ್ಮ ಮನ್ಯಾಗ ಯಾರಿಗೂ ಹಾಡಿ ಅಳಾಕ ಬರಂಗಿಲ್ಲ, ಕರ್ಚೀಫಿಗೆ ಮೂಗ ಒರಸಿ ಮುಗಿಸಿಬಿಡ್ತಾರ. ದವಡಿ ನೋವು ಅಂತ ತಪ್ಪಿಸಿಕೊಂಡಿ ಅಂದ್ರ ಮ್ಯಾಲಿಂದ ಬಂದು ಕೇಳ್ತೇನಿ.”

ಆಯ್ತವಾ ಎಂದು ಮಾತು ಕೊಟ್ಟೆ.

ಬಾಕಿ

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಏಳಲೇ ಇಲ್ಲ.

ನಾನು ಸಾಲುಗಳನ್ನು ಕಟ್ಟಿಟ್ಟುಕೊಂಡಿದ್ದೆ. ಅವಳ ಹೊಲ, ಅವಳ ಬಾವಿ, ಅವಳು ತವರಿನಿಂದ ಹೊತ್ತು ತಂದ ಬೀಸುವ ಕಲ್ಲು. ಎಲ್ಲವನ್ನೂ ಎರಡು ಬೆರಳಿನಷ್ಟು ಬಾಯಿಯಲ್ಲೇ ಹಾಡುವಂತೆ ಮನೆಯಲ್ಲಿ ರೂಢಿ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಅವಳು ಹೇಳಿದ ಹಾಗೇ ಇತ್ತು. ಅವಳನ್ನು ವಿಭೂತಿ ಹಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ ಕೂರಿಸಿದ್ದರು. ಸುತ್ತ ಮಕ್ಕಳು, ಸೊಸೆಯರು, ಬೀದಿಯವರು ಕರ್ಚೀಫು ಹಿಡಿದು ನಿಂತಿದ್ದರು. ಒಂದು ಸದ್ದಿಲ್ಲ.

ಪಾದದ ಬಳಿ ಕುಳಿತೆ. ಅವಳ ಸಾಲನ್ನು ಅವಳಿಗೇ ಮೊದಲು ತೀರಿಸೋಣ ಎಂದುಕೊಂಡು “ಯಾರ ಕೂಡ” ಎಂದೆ. ಅಷ್ಟೇ. ಅಳು ಒತ್ತರಿಸಿ ಬಂತು, ಎರಡು ಬೆರಳು ಮರೆತುಹೋಯಿತು. ಟಕ್.

ಬಾಯಿ ಪೂರ್ತಿ ತೆರೆದು ನಿಂತಿತು. ಹೊರಟದ್ದು ಬರೀ “ಆ” ಎಂಬ ಉದ್ದನೆಯ ದನಿ. ನೋವಿಗೆ ಕಣ್ಣೀರು ಧಾರಾಕಾರ. ನನ್ನನ್ನು ನೋಡಿ ಅವಳ ಸೊಸೆ ಬಿಕ್ಕಿದಳು. ಅವಳನ್ನು ನೋಡಿ ಉಳಿದವರು ಬಿಕ್ಕಿದರು. ಕಲ್ಲಿನಂತೆ ನಿಂತಿದ್ದ ಹಿರಿಮಗ ಗೋಡೆಗೆ ತಲೆಯಿಟ್ಟು ಗೊಳೋ ಎಂದು ಅತ್ತ.

ಕೀಲು ಜಾರಿದ್ದು ಗೊತ್ತಾದದ್ದು ಜೊತೆಗೆ ಬಂದಿದ್ದ ನನ್ನ ಮಗನೊಬ್ಬನಿಗೇ. ಹೆಬ್ಬೆರಳುಗಳಿಗೆ ಟವೆಲ್ ಸುತ್ತಿಕೊಂಡು ಜನರನ್ನು ದಾಟಿ ಬಂದು ನನ್ನ ಬಾಯಿಗೆ ಕೈ ಹಾಕಿದ. ಬೀದಿಯ ಹಿರಿಯರೊಬ್ಬರು ಅವನ ರಟ್ಟೆ ಹಿಡಿದು ಎಳೆದರು.

“ಅಳೋ ಹೆಣ್ಮಕ್ಕಳ ಬಾಯಿ ಮುಚ್ಚಿಸಬಾರದು ಕಣಪ್ಪ. ದುಃಖ ಹೊರಗೆ ಬರಲಿ, ಬಿಡು.”

“ದುಃಖ ಅಲ್ಲ ಸಾರ್, ದವಡೆ.”

“ಏನಾದ್ರೂ ಆಗಲಿ, ಬರಲಿ.”

ಅವನು ಎದ್ದಾಗಲೆಲ್ಲ ಯಾರಾದರೂ ಹಿಡಿದು ಕೂರಿಸಿದರು. ನಾನು ಗೆಳತಿಯನ್ನು ನೋಡುತ್ತ ಕುಳಿತೆ. ಅವಳ ಬಾಯಿ ತೆರೆಯುವಂತಿಲ್ಲ, ನನ್ನ ಬಾಯಿ ಮುಚ್ಚುವಂತಿಲ್ಲ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ಮಾತೂ ಇಲ್ಲದೆ ಎದುರುಬದುರು ಕುಳಿತದ್ದು ಅದೇ ಮೊದಲು. ಅವಳನ್ನು ಹೊತ್ತು ಎಲ್ಲರೂ ಹೊರಟ ಮೇಲೆ ಮಗ ಬಂದು ಒತ್ತಿದ. ಕೀಲು ಜಾಗಕ್ಕೆ ಬಂತು. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಕಟ್ಟಿಟ್ಟ ಸಾಲುಗಳಲ್ಲಿ ಒಂದೂ ಅವಳ ಕಿವಿಗೆ ಬೀಳಲಿಲ್ಲ.

ಈಗಲೂ ಒಬ್ಬಳೇ ಇದ್ದಾಗ ಅವನ್ನು ಎರಡು ಬೆರಳಿನಷ್ಟು ಬಾಯಿಯಲ್ಲಿ ಹೇಳಿಕೊಳ್ಳುತ್ತೇನೆ. ಬಾಕಿ ಹಾಗೆ ತೀರುವುದಿಲ್ಲ, ಗೊತ್ತು. ಮೇಲಿಂದ ಬಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ಮೊನ್ನೆ ಅವಳ ಬೀದಿಯಲ್ಲಿ ಬರುತ್ತಿದ್ದೆ. ಗೇಟಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಓಡಿ ಬಂದು ನನ್ನ ಕೈ ಹಿಡಿದುಕೊಂಡಳು.

“ಅವತ್ತು ನೀವು ಅತ್ತಿದ್ದನ್ನ ನಮ್ಮತ್ತೆ ನೋಡಿಬಿಟ್ಟಿದ್ದಾರೆ ಆಂಟಿ. ನಾನು ಹೋದಾಗ್ಲೂ ಅವರನ್ನೇ ಕರೆಸಬೇಕು ಅಂತ ಒಂದೇ ಹಠ. ದಿನ ಬಂದಾಗ ಹೇಳಿ ಕಳಿಸ್ತೀನಿ, ಇಲ್ಲ ಅನ್ನಬೇಡಿ.” ಆಮೇಲೆ ದನಿ ತಗ್ಗಿಸಿದಳು. “ಆದ್ರೆ ನಿಮ್ಮ ಮಗನ್ನ ಮಾತ್ರ ಕರ್ಕೊಂಡು ಬರಬೇಡಿ. ಅವರು ನಿಮ್ಮನ್ನ ನೆಮ್ಮದಿಯಾಗಿ ಅಳೋಕೆ ಬಿಡಲ್ಲ.”